ಕಿಮೋ ನಂತರದ ಎಳೆಗೂದಲು ಮತ್ತು ‘ಹರ್ಬಲ್’ ಕಪ್ಪು ಮೆಹಂದಿ

ಕಿಮೋ ಮುಗಿದು ತಲೆ ತುಂಬ ಎಳೆಗೂದಲು ಬರುತ್ತಿದ್ದಂತೆ ಸುತ್ತಲಿನವರಿಂದ ಒಂದು ಸಲಹೆ ಬಂದೇ ಬರುತ್ತದೆ: ‘ಡೈ ಮಾತ್ರ ಹಚ್ಚಬೇಡಿ, ಅದೆಲ್ಲ ಕೆಮಿಕಲ್ಲು. ಹರ್ಬಲ್ ಕಪ್ಪು ಮೆಹಂದಿ ಹಚ್ಚಿಕೊಳ್ಳಿ, ಏನೂ ಆಗಲ್ಲ.’ ಕಾಳಜಿಯ ಮಾತೇ, ಆದರೆ ಪೂರ್ತಿ ತಪ್ಪು. ಮದರಂಗಿ ಗಿಡಕ್ಕೆ ಕೂದಲನ್ನು ಕಪ್ಪು ಮಾಡುವ ಶಕ್ತಿಯೇ ಇಲ್ಲ. ಅದರ ಎಲೆಯಲ್ಲಿರುವ ಲಾಸೋನ್ ಎಂಬ ಬಣ್ಣ ಕೂದಲಿನ ಕೆರಾಟಿನ್ ಎಂಬ ಪ್ರೋಟೀನ್‌ಗೆ ಅಂಟಿಕೊಂಡು ಕೊಡುವುದು ಕಿತ್ತಳೆ ಮಿಶ್ರಿತ ಕೆಂಪು. ಅರ್ಧ ಗಂಟೆಯಲ್ಲಿ ಕಪ್ಪಾಗಿಸುವ ಮೆಹಂದಿ ಪೊಟ್ಟಣದಲ್ಲಿ ಆ ಕೆಲಸ ಮಾಡುವುದು ಸಾಮಾನ್ಯವಾಗಿ ಪ್ಯಾರಾ-ಫಿನೈಲೀನ್ ಡೈಅಮೀನ್, ಅಂದರೆ ಪಿಪಿಡಿ. ಅಂಗಡಿಯ ಡೈಯಲ್ಲಿರುವುದೂ ಇದೇ.

ಈ ಪಿಪಿಡಿ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ನಿಜಕ್ಕೂ ಸೊಗಸಾದ ರಸಾಯನಶಾಸ್ತ್ರ. ಅದಕ್ಕೆ ಸ್ವಂತ ಬಣ್ಣವೇ ಇಲ್ಲವೆನ್ನಬಹುದು. ಅಣು ತೀರಾ ಪುಟ್ಟದು. ಅಮೋನಿಯಾ ಕೂದಲಿನ ಹೊರಪದರವನ್ನು ಉಬ್ಬಿಸಿ ಸಡಿಲ ಮಾಡುತ್ತದೆ, ಸಂದಿನಲ್ಲಿ ಪಿಪಿಡಿ ಒಳಗೆ ನುಸುಳುತ್ತದೆ. ಅಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಅದನ್ನು ಉತ್ಕರ್ಷಿಸಿದಾಗ ಅದು ರಿಸಾರ್ಸಿನಾಲ್‌ನಂಥ ಇನ್ನೊಂದು ಅಣುವಿನ ಜತೆ ಕೂಡಿ ದೊಡ್ಡ ಬಣ್ಣದ ಅಣುವಾಗುತ್ತದೆ. ಬಡಗಿ ಮಂಚದ ಕಾಲು, ಹಲಗೆಗಳನ್ನು ಬಿಡಿಬಿಡಿಯಾಗಿ ಸಣ್ಣ ಬಾಗಿಲಲ್ಲಿ ಒಳತಂದು ಕೋಣೆಯಲ್ಲೇ ಜೋಡಿಸಿದರೆ, ಆ ಮಂಚ ಇಡಿಯಾಗಿ ಹೊರಬರಲು ಸಾಧ್ಯವೇ? ತಲೆ ತೊಳೆದಾಗಲೆಲ್ಲ ಬಣ್ಣ ಹೋಗದಿರುವುದಕ್ಕೆ ಕಾರಣ ಇಷ್ಟೇ. ಪುಡಿ ರೂಪದ ಕಪ್ಪು ಮೆಹಂದಿಯಲ್ಲಿ ಪೆರಾಕ್ಸೈಡ್ ದ್ರವದ ಬದಲು ನೀರು ತಗುಲಿದಾಗ ಆಮ್ಲಜನಕ ಬಿಡುವ ಪುಡಿ ಬೆರೆಸಿರುತ್ತಾರೆ. ಕಲಸಿದ ಕೆಲವೇ ನಿಮಿಷಗಳಲ್ಲಿ ಬಟ್ಟಲಿನಲ್ಲೇ ಕಪ್ಪಾಗುತ್ತಾ ಬಂದರೆ ಅದು ಬರೀ ಮದರಂಗಿಯಲ್ಲ ಎಂದು ತಿಳಿಯಿರಿ. ಶುದ್ಧ ಮದರಂಗಿ ಪುಡಿ ಹಸಿರು, ಒಣಹುಲ್ಲಿನ ವಾಸನೆ.

‘ಅಮೋನಿಯಾ ಇಲ್ಲ’ ಎಂಬ ಬರಹವನ್ನೂ ನೆಚ್ಚಿಕೊಳ್ಳಬೇಡಿ. ಅಮೋನಿಯಾ ಬದಲಿಗೆ ಹೆಚ್ಚು ವಾಸನೆಯಿಲ್ಲದ ಎಥನಾಲಮೀನ್ ಹಾಕಿರುತ್ತಾರೆ. ಪಿಪಿಡಿ ಅಥವಾ ಅದರ ದಾಯಾದಿ ಟೊಲ್ಯೂಯೀನ್ ಡೈಅಮೀನ್ ಹಾಗೇ ಉಳಿದಿರುತ್ತದೆ. ಓದಬೇಕಾದದ್ದು ಪ್ಯಾಕೆಟ್ಟಿನ ಹಿಂದೆ ಸಣ್ಣಕ್ಷರದಲ್ಲಿರುವ ಪಟ್ಟಿಯನ್ನು.

ಹಾಗಾದರೆ ಡೈಯಿಂದ ಕ್ಯಾನ್ಸರ್ ಮರಳುತ್ತದೆಯೇ? ಈ ಭಯಕ್ಕೊಂದು ಇತಿಹಾಸವಿದೆ. 1975ರಲ್ಲಿ ಅಮೆರಿಕದ ವಿಜ್ಞಾನಿ ಬ್ರೂಸ್ ಏಮ್ಸ್ ಮತ್ತು ಸಂಗಡಿಗರು ಆಗ ಮಾರಾಟದಲ್ಲಿದ್ದ ಇಂಥ 169 ಡೈಗಳನ್ನು ಬ್ಯಾಕ್ಟೀರಿಯಾಗಳ ಮೇಲೆ ಪರೀಕ್ಷಿಸಿದರು. 150 ಡೈಗಳು ಬ್ಯಾಕ್ಟೀರಿಯಾದ ಡಿಎನ್ಎಯಲ್ಲಿ ಬದಲಾವಣೆ ತಂದವು. ಆಮೇಲೆ ತಯಾರಕರು ಹಲವು ಘಟಕಗಳನ್ನು ಕೈಬಿಟ್ಟರು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2010ರ ವರದಿ, ದಿನವಿಡೀ ಡೈ ಮುಟ್ಟುವ ಸಲೂನ್ ಕೆಲಸವನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಗುಂಪಿಗೆ ಸೇರಿಸಿತು. ತಮ್ಮ ತಲೆಗೆ ತಾವು ಹಚ್ಚಿಕೊಳ್ಳುವವರ ಬಗ್ಗೆ ತೀರ್ಮಾನಕ್ಕೆ ಸಾಕಷ್ಟು ಆಧಾರವಿಲ್ಲ ಎಂದಿತು. ಕಿಮೋ ಮುಗಿಸಿದವರು ಮೊದಲು ಯೋಚಿಸಬೇಕಾದದ್ದು ಅಲರ್ಜಿಯ ಬಗ್ಗೆ, ಮತ್ತು ಅದು ನಡೆಯುವುದು ಚರ್ಮದಲ್ಲಿ.

ನಮ್ಮ ತಲೆಗೂದಲಲ್ಲಿ ಸುಮಾರು ಶೇ 85–90ರಷ್ಟು ಸದಾ ಬೆಳೆಯುವ ಹಂತದಲ್ಲಿರುತ್ತವೆ. ಅವುಗಳ ಬುಡದ ಕೋಶಗಳು ಬಿಡುವಿಲ್ಲದೆ ವಿಭಜಿಸುತ್ತವೆ, ಅದಕ್ಕೇ ಕಿಮೋ ಏಟಿಗೆ ಸಿಗುತ್ತವೆ. ಬಣ್ಣ ತುಂಬುವ ಮೆಲನೊಸೈಟ್ ಕೋಶಗಳೂ ಅಲ್ಲೇ ಇವೆ. ಹಾಗಾಗಿ ಮೊದಲು ಬರುವ ಕೂದಲು ಹಲವರಿಗೆ ಬೂದು, ಬಿಳಿ, ಕೆಲವರಿಗೆ ಗುಂಗುರು. ಇದು ಅಂತಿಮ ಬಣ್ಣವಲ್ಲ; ತಿಂಗಳುಗಳು ಕಳೆದಂತೆ ಅನೇಕರಿಗೆ ಕಪ್ಪು ಸ್ವಲ್ಪ ಮರಳುತ್ತದೆ, ಗುಂಗುರು ಸಡಿಲವಾಗುತ್ತದೆ. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು 1 ಸೆಂ.ಮೀ. ಕೊನೆಯ ಕಿಮೋ ಆಗಿ 6 ತಿಂಗಳ ತನಕ ಶಾಶ್ವತ ಡೈ ಬೇಡ ಎಂದು ಸಾಮಾನ್ಯವಾಗಿ ಹೇಳುವುದರಲ್ಲಿ ಅರ್ಥವಿದೆ: ಅಷ್ಟರಲ್ಲಿ 5–6 ಸೆಂ.ಮೀ. ಕೂದಲು, ಗಟ್ಟಿಗೊಂಡ ಚರ್ಮ ಎರಡೂ ಸಿಗುತ್ತವೆ. ತಲೆಗೆ ರೇಡಿಯೇಷನ್ ಆಗಿದ್ದರೆ ವೈದ್ಯರನ್ನು ಕೇಳದೆ ಮುಂದುವರಿಯಬಾರದು.

ಕಾಯುವುದಕ್ಕೆ ಇನ್ನೊಂದು ಕಾರಣವಿದೆ, ಇದನ್ನು ಯಾರೂ ಹೇಳುವುದಿಲ್ಲ. ಪಿಪಿಡಿ ಅಲರ್ಜಿ ತಡವಾಗಿ ಏಳುವ ಜಾತಿಯದು. ರೋಗನಿರೋಧಕ ವ್ಯವಸ್ಥೆಯ ಟಿ-ಕೋಶಗಳು ಎಚ್ಚೆತ್ತು ದದ್ದು ಏಳಲು ಒಂದೆರಡು ದಿನ ಬೇಕು. ಕಿಮೋ ಸಮಯದಲ್ಲಿ ಬಿಳಿ ರಕ್ತಕಣಗಳು ಕುಸಿದಿರುತ್ತವೆ, ಜತೆಗೆ ಡೆಕ್ಸಾಮೆಥಾಸೋನ್‌ನಂಥ ಸ್ಟೆರಾಯ್ಡ್ ಕೊಟ್ಟಿರುತ್ತಾರೆ. ಆಗ, ಬಣ್ಣ ಸ್ವಲ್ಪ ಹಚ್ಚಿ ನೋಡುವ ಚರ್ಮದ ಪರೀಕ್ಷೆ ಮಾಡಿದರೆ ಅಲರ್ಜಿ ಇದ್ದರೂ ಕಾಣದೆ ಹೋಗಬಹುದು. ‘ಹತ್ತು ವರ್ಷದಿಂದ ಇದೇ ಡೈ’ ಎಂಬ ಧೈರ್ಯವೂ ಸಲ್ಲದು. ಎಷ್ಟೋ ಸಲ ಹಚ್ಚಿದ ಮೇಲೂ ಅಲರ್ಜಿ ಹೊಸದಾಗಿ ಶುರುವಾಗಬಹುದು.

ಪರೀಕ್ಷೆ ಹೀಗೆ ಮಾಡಿ. ಕಿವಿಯ ಹಿಂದೆ ಅಥವಾ ಮೊಣಕೈ ಒಳಮಡಿಕೆಯಲ್ಲಿ ತೊಳೆದು ಒರೆಸಿ, ಪ್ಯಾಕೆಟ್ಟಿನಲ್ಲಿ ಹೇಳಿದಂತೆ ಕಲಸಿದ ಬಣ್ಣವನ್ನು ಹತ್ತಿಕಡ್ಡಿಯಿಂದ 1 ಸೆಂ.ಮೀ. ಅಗಲಕ್ಕೆ ಹಚ್ಚಿ, ಹೇಳಿದಷ್ಟು ಹೊತ್ತು ಬಿಡಿ. ನಂತರ 48 ಗಂಟೆ ಕಾಯಿರಿ, ಇನ್ನೂ ಒಂದು ದಿನ ಹೆಚ್ಚು ಕಾದರೆ ಒಳ್ಳೆಯದು. ತುರಿಕೆ, ಕೆಂಪು, ಊತ, ನೀರುಗುಳ್ಳೆ ಯಾವುದೇ ಬಂದರೂ ಆ ಬಣ್ಣ ನಿಮಗಲ್ಲ. ಇದನ್ನು ಪ್ರತಿಸಲವೂ ಮಾಡಬೇಕು.

ಶುದ್ಧ ಮದರಂಗಿ ಒಳ್ಳೆಯ ದಾರಿ. ಗಿಡ್ಡ ಕೂದಲಿಗೆ 40–50 ಗ್ರಾಂ ಪುಡಿ ಸಾಕು. ಉಗುರುಬೆಚ್ಚಗಿನ ಚಹಾ ಡಿಕಾಕ್ಷನ್‌ನಲ್ಲಿ ಮೊಸರಿನ ಹದಕ್ಕೆ ಕಲಸಿ 6–8 ಗಂಟೆ ಮುಚ್ಚಿಡಿ. ನಿಂಬೆರಸ ಎಳೆ ಚರ್ಮಕ್ಕೆ ಉರಿ, ಬೇಡ. 1–2 ಗಂಟೆ ಇಟ್ಟು ಬರೀ ನೀರಲ್ಲಿ ತೊಳೆಯಿರಿ. ಬಿಳಿ ಕೂದಲು ಮೊದಲು ಕಣ್ಣಿಗೆ ಹೊಡೆಯುವಷ್ಟು ಕಿತ್ತಳೆ. ಎರಡು ದಿನದಲ್ಲಿ ಕಂದುಗೆಂಪಿಗೆ ಇಳಿಯುತ್ತದೆ. ಕಪ್ಪೇ ಬೇಕೆಂದರೆ ಮೇಲೆ ನೀಲಿ (ಇಂಡಿಗೊ) ಗಿಡದ ಪುಡಿ: ಇದನ್ನು ಬೆಚ್ಚಗಿನ ನೀರಲ್ಲಿ ಕಲಸಿ 10–15 ನಿಮಿಷದಲ್ಲೇ ಹಚ್ಚಬೇಕು, ಹೆಚ್ಚು ಹೊತ್ತು ಇಟ್ಟರೆ ಶಕ್ತಿ ಹೋಗುತ್ತದೆ. ಇವೆರಡಕ್ಕೂ ಚರ್ಮದ ಪರೀಕ್ಷೆ ತಪ್ಪಿಸಬೇಡಿ.

ಉಳಿದ ಆರೈಕೆ ಸರಳ. ವಾರಕ್ಕೆರಡು ಸಲ ಸೌಮ್ಯ ಶಾಂಪೂ, ಬಿಸಿ ಗಾಳಿ ಬೇಡ, ಬಿಗಿ ಜಡೆ ಬೇಡ, ಬಿಸಿಲಿಗೆ ಹತ್ತಿ ಸ್ಕಾರ್ಫ್. ಕೊಬ್ಬರಿ ಎಣ್ಣೆ ಒಣ ಚರ್ಮಕ್ಕೆ ಹಿತ, ಬೆಳವಣಿಗೆಯ ವೇಗಕ್ಕೆ ಅದರ ಕೊಡುಗೆ ಇಲ್ಲ. ‘ಮೊದಲ ಕೂದಲು ಬೋಳಿಸಿದರೆ ದಟ್ಟವಾಗಿ ಬರುತ್ತೆ’ ಎನ್ನುವವರಿಗೆ 1928ರಲ್ಲೇ ಉತ್ತರ ಸಿಕ್ಕಿದೆ: ಅಮೆರಿಕದ ವಿಜ್ಞಾನಿ ಮಿಲ್ಡ್ರೆಡ್ ಟ್ರಾಟರ್ ಪರೀಕ್ಷಿಸಿ ನೋಡಿದಾಗ ಬೋಳಿಸಿದ್ದರಿಂದ ಕೂದಲಿನ ದಪ್ಪವಾಗಲಿ ವೇಗವಾಗಲಿ ಬದಲಾಗಲಿಲ್ಲ. ಬ್ಲೇಡು ಮುಟ್ಟುವುದು ಮೇಲಿನ ತುದಿಯನ್ನು, ಬೆಳೆಯುವ ಬುಡ ಚರ್ಮದೊಳಗಿದೆ. ಆರು ತಿಂಗಳಾದರೂ ಕೂದಲು ತೆಳುವಾಗೇ ಇದ್ದರೆ ಎಣ್ಣೆ ಬದಲಿಸುವ ಬದಲು ವೈದ್ಯರಲ್ಲಿಗೆ ಹೋಗಿ. ಥೈರಾಯ್ಡ್, ಕಬ್ಬಿಣದ ಕೊರತೆ, ಟಮಾಕ್ಸಿಫೆನ್ ಅಥವಾ ಲೆಟ್ರೊಜೋಲ್ ಮಾತ್ರೆ, ಹಿಂದೆ ಪಡೆದ ಡೋಸಿಟ್ಯಾಕ್ಸೆಲ್ ಎಂಬ ಕಿಮೋ ಔಷಧ ಕಾರಣವಿರಬಹುದು.

ಹುಬ್ಬಿಗಂತೂ ತಲೆಯ ಡೈ ಎಂದೂ ಮುಟ್ಟಿಸಬೇಡಿ, ಕಣ್ಣಿಗೆ ತಗುಲಿದರೆ ದೃಷ್ಟಿಗೇ ಅಪಾಯ. ಹುಬ್ಬು ತುಂಬುವ ತನಕ ಪೆನ್ಸಿಲ್ ಸಾಕು.