ಕುರುಕ್ಷೇತ್ರಕ್ಕೆ ಬಂದ ಚೀನಾದ ನಾಲಗೆ

ಗುಬ್ಬಿ ಕಡೆಯ ನಮ್ಮೂರಲ್ಲಿ ಸುಗ್ಗಿ ಮುಗಿಯಿತೆಂದರೆ ಕುರುಕ್ಷೇತ್ರ ನಾಟಕದ ತಾಲೀಮು ಶುರು. ಹಗಲೆಲ್ಲ ತೋಟಕ್ಕೆ ನೀರು ಕಟ್ಟಿದ ದೊಡ್ಡಪ್ಪ ರಾತ್ರಿ ಭೀಮನಾಗುತ್ತಿದ್ದರು. ಹಾರ್ಮೋನಿಯಂ ಮೇಷ್ಟ್ರು ಕಾಲಲ್ಲಿ ತಿದಿ ಒತ್ತುತ್ತಲೇ ‘ಶ್ರುತಿ ಬಿಡಬ್ಯಾಡ್ರಪ್ಪ’ ಅಂತ ಕೂಗೋರು. ಆ ಪೆಟ್ಟಿಗೆಯಷ್ಟು ನಮ್ಮದು ಅನ್ನಿಸಿದ ವಾದ್ಯ ನನಗೆ ಇನ್ನೊಂದಿಲ್ಲ.

ಒಮ್ಮೆ ಮೇಷ್ಟ್ರು ಮುಚ್ಚಳ ತೆಗೆದು ರಿಪೇರಿಗೆ ಕೂತಾಗ ಪಕ್ಕದಲ್ಲೇ ಇದ್ದೆ. ಒಳಗೆ ಸಾಲಾಗಿ ಹಿತ್ತಾಳೆ ಪಟ್ಟಿಗಳು. ಒಂದೊಂದರಲ್ಲೂ ಒಂದು ಸೀಳು, ಸೀಳಿನ ಮೇಲೆ ಒಂದೇ ತುದಿಗೆ ಬಿಗಿದ ತೆಳ್ಳನೆಯ ನಾಲಗೆ. ಗಾಳಿ ನುಗ್ಗಿದರೆ ನಾಲಗೆ ಸೀಳಿನೊಳಕ್ಕೆ ಬಾಗಿ ದಾರಿ ಕಟ್ಟುತ್ತದೆ, ತನ್ನ ಬಿಗುವಿಗೆ ತಾನೇ ಹಿಂದಕ್ಕೆ ಚಿಮ್ಮುತ್ತದೆ, ಗಾಳಿ ಮತ್ತೆ ನುಗ್ಗುತ್ತದೆ. ಮಧ್ಯ ಸಪ್ತಕದ ‘ಬಿಳಿ ಆರು’, ಅಂದರೆ ಆರನೇ ಬಿಳಿ ಮನೆ (ಕೀ), ಒತ್ತಿದರೆ ಇದು ಸೆಕೆಂಡಿಗೆ ಸುಮಾರು 440 ಸಲ. ಹಾಗೆ ತುಂಡು ತುಂಡಾಗಿ ಹೊರಬೀಳುವ ಗಾಳಿಯೇ ನಮಗೆ ಕೇಳುವ ಸ್ವರ. ಮೇಷ್ಟ್ರು ಸಣ್ಣ ಅರದಿಂದ ನಾಲಗೆಯ ತುದಿ ಕೆರೆದರು. ತುದಿ ಹಗುರಾಗಿ ಸ್ವರ ಏರಿತು. ಬುಡ ಕೆರೆದರೆ ಬಿಗುವು ತಗ್ಗಿ ಸ್ವರ ಇಳಿಯಿತು. ಉಗುರಂಚಿಗೆ ಅಂಟಿದಷ್ಟು ಹಿತ್ತಾಳೆ ಪುಡಿ, ಅಷ್ಟಕ್ಕೇ ಶ್ರುತಿ ಬದಲು!

ಹಾರ್ಮೋನಿಯಂ ಯುರೋಪಿನದು ಅನ್ನುತ್ತಾರೆ. ಪೆಟ್ಟಿಗೆ ಹೌದು, ನಾಲಗೆ ಏಷ್ಯಾದ್ದು. ಚೀನಾದ ಶೆಂಗ್ ಎಂಬ ಬಾಯಿವಾದ್ಯದಲ್ಲಿ ಬಿದಿರ ಕೊಳವೆಗಳ ಬುಡಕ್ಕೆ ಇಂಥದೇ ನಾಲಗೆಗಳಿರುತ್ತವೆ. ಕ್ರಿ.ಪೂ. 433ರ ಸುಮಾರಿನ ಅಲ್ಲಿನ ಒಬ್ಬ ದೊರೆಯ ಸಮಾಧಿಯಲ್ಲೇ ಶೆಂಗ್‌ಗಳು ಸಿಕ್ಕಿವೆ. 18ನೇ ಶತಮಾನದಲ್ಲಿ ಶೆಂಗ್ ಯುರೋಪಿಗೆ ಹೋಯಿತು. 1780ರ ಹೊತ್ತಿಗೆ ಕ್ರಾಟ್ಸೆನ್‌ಸ್ಟೈನ್ ಎಂಬ ವಿಜ್ಞಾನಿ ಇದೇ ಬಗೆಯ ನಾಲಗೆ ಬಳಸಿ ಸ್ವರಾಕ್ಷರ ಉಚ್ಚರಿಸುವ ಕೊಳವೆಗಳನ್ನು ಮಾಡಿದ. 1842ರಲ್ಲಿ ಪ್ಯಾರಿಸ್ಸಿನ ಡಿಬೇನ್ ತನ್ನ ಕಾಲುತಿದಿಯ ವಾದ್ಯಕ್ಕೆ ‘ಹಾರ್ಮೋನಿಯಂ’ ಹೆಸರಲ್ಲಿ ಪೇಟೆಂಟ್ ಪಡೆದ. ನೆಲದ ಮೇಲೆ ಕೂತು ನುಡಿಸುವವರಿಗಾಗಿ ತಿದಿಯನ್ನು ಹಿಂಬದಿಗೆ ತಂದು ಕೈಗೆ ಒಪ್ಪಿಸಿದವರು ಕೋಲ್ಕತ್ತದ ದ್ವಾರಕಾನಾಥ ಘೋಷ್.

ನಾಟಕದವರು ಮಾತ್ರ ಕಾಲು ಹಾರ್ಮೋನಿಯಂ ಬಿಡಲಿಲ್ಲ. ಎರಡು ಕೈಯೂ ಮನೆಗಳ ಮೇಲೆ ಓಡಬೇಕಲ್ಲ! 1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿದ ನೆಲ ಇದು, ಇಲ್ಲಿ ಹಳ್ಳಿ ಹಳ್ಳಿಗೂ ಆ ಪೆಟ್ಟಿಗೆಯ ನಾದ ಗೊತ್ತು.

1940ರಿಂದ ಮೂರು ದಶಕ ಆಕಾಶವಾಣಿ ಹಾರ್ಮೋನಿಯಂ ಅನ್ನು ದೂರವಿಟ್ಟಿತ್ತು. ಒಂದೊಂದು ನಾಲಗೆಗೂ ಒಂದೇ ಸ್ವರ, ಗಮಕ ಜಾರಿಸಲು ಬಾರದು ಎಂಬುದು ದೊಡ್ಡ ಆಕ್ಷೇಪ. ಭೌತಶಾಸ್ತ್ರದ ಲೆಕ್ಕದಲ್ಲಿ ಅದು ನಿಜ. ಆದರೆ ಬಯಲಲ್ಲಿ, ರಾತ್ರಿ ಎರಡು ಗಂಟೆಗೆ, ಗದೆ ಹೊತ್ತು ಕಂದಪದ್ಯ ಎತ್ತುವ ರೈತನಿಗೆ ಬೇಕಿದ್ದದ್ದು ಅಲುಗದ ಆ ಒಂದು ಸ್ವರವೇ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ದೊಡ್ಡಪ್ಪನ ದನಿ ನಡುವೆ ಎಲ್ಲೋ ಜಾರಿದರೆ ಮೇಷ್ಟ್ರು ಷಡ್ಜ ಒತ್ತಿ ಹಿಡಿಯೋರು. ದೊಡ್ಡಪ್ಪ ಉಸಿರೆಳೆದುಕೊಂಡು, ಅದನ್ನೇ ಹಿಡಿದು ಮತ್ತೆ ಮೇಲೇರೋರು.