ಕಲ್ಲೋ, ಹಿಮವೋ: ಬಾಲ ಮೂಡಿದ ಕ್ಷುದ್ರಗ್ರಹಗಳ ಹಿನ್ನೆಲೆ

ಮಂಗಳ ಮತ್ತು ಗುರುವಿನ ನಡುವೆ ಸುತ್ತುವುದು ಕ್ಷುದ್ರಗ್ರಹ, ಅದು ಒಣ ಕಲ್ಲು. ಬಹುದೂರದಿಂದ ಬಂದು ಸೂರ್ಯನ ಬಳಿ ಬಾಲ ಬಿಚ್ಚುವುದು ಧೂಮಕೇತು, ಅದು ಹಿಮ. ಶಾಲೆಯಲ್ಲಿ ನಾವು ಕಲಿತದ್ದು ಇಷ್ಟು. ಈಗ ನೋಡಿದರೆ ಕ್ಷುದ್ರಗ್ರಹಕ್ಕೆ ಬಾಲ ಬಂತು ಎಂಬ ಸುದ್ದಿ ಬರುತ್ತದೆ, ಕ್ಷುದ್ರಗ್ರಹಗಳ ನಡುವಿನ ಅತಿ ದೊಡ್ಡ ಕಾಯವಾದ ಸೀರಿಸ್‌ನಿಂದ ನೀರಾವಿ ಹೊಮ್ಮಿತು ಎನ್ನುತ್ತಾರೆ, ಒಂದೇ ಕಾಯ ಎರಡೂ ಪಟ್ಟಿಗಳಲ್ಲಿ ಕಾಣಿಸಿಕೊಳ್ಳುತ್ತದೆ. ಆಸಕ್ತಿಯಿಂದ ಓದುವವರೂ ಗೊಂದಲಕ್ಕೆ ಬೀಳುವಷ್ಟು ವಿಷಯ ಸಿಕ್ಕುಗಟ್ಟಿದೆ.

ಸಿಕ್ಕು ಮೊದಲ ದಿನದಿಂದಲೇ ಇತ್ತು. 1801ರ ಜನವರಿ 1ರಂದು ಇಟಲಿಯ ಪಲೆರ್ಮೊದಲ್ಲಿ ಸೀರಿಸ್ ಕಂಡ ಖಗೋಳಜ್ಞ ಜುಸೆಪ್ಪೆ ಪಿಯಾಜಿ ಅದನ್ನು ಧೂಮಕೇತು ಎಂದೇ ಪ್ರಕಟಿಸಿದರು. ಅದರ ಸುತ್ತ ಮಂಜಿನಂಥ ಪ್ರಭೆ ಇಲ್ಲದ್ದರಿಂದ ಅದು ಇನ್ನೂ ದೊಡ್ಡದೇನೋ ಇರಬಹುದೆಂಬ ಆಸೆಯನ್ನು ಸಹ ಖಗೋಳಜ್ಞರೊಬ್ಬರಿಗೆ ಬರೆದ ಪತ್ರದಲ್ಲಿ ಹೇಳಿಕೊಂಡರು. ಮುಂದಿನ ಒಂದೂವರೆ ಶತಮಾನ ಇದೇ ಅಳತೆಗೋಲು ನಡೆಯಿತು: ದೂರದರ್ಶಕದಲ್ಲಿ ಮಸುಕಾಗಿ ಹರಡಿಕೊಂಡರೆ ಧೂಮಕೇತು, ಚುಕ್ಕಿಯಂತಿದ್ದರೆ ಕ್ಷುದ್ರಗ್ರಹ. 1950ರಲ್ಲಿ ಅಮೆರಿಕದ ಖಗೋಳಜ್ಞ ಫ್ರೆಡ್ ವಿಪಲ್ ಧೂಮಕೇತುವಿನ ಒಡಲು ಹಿಮ ಮತ್ತು ಧೂಳಿನ ಮಿಶ್ರಣ ಎಂದು ವಿವರಿಸಿದ ಮೇಲೆ ಈ ವಿಂಗಡಣೆಗೆ ರಸಾಯನಶಾಸ್ತ್ರದ ಬಲವೂ ಸಿಕ್ಕಂತಾಯಿತು.

ಅಪವಾದಗಳು ಬರತೊಡಗಿದ್ದು ಆಮೇಲೆ. ಶನಿ ಮತ್ತು ಯುರೇನಸ್ ನಡುವೆ 1977ರಲ್ಲಿ ಸಿಕ್ಕ ಕೈರಾನ್ ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಮಸುಕು ಹೊದ್ದುಕೊಂಡಿತು. 1983ರಲ್ಲಿ ಸಿಕ್ಕ ಫೇಥಾನ್ ನೋಟಕ್ಕೆ ಕಲ್ಲು. ಆದರೆ ಡಿಸೆಂಬರ್ 14ರ ಆಸುಪಾಸಿನಲ್ಲಿ ನಮ್ಮೂರುಗಳ ಆಕಾಶದಲ್ಲೂ ಸುರಿಯುವ ಜೆಮಿನಿಡ್ ಉಲ್ಕೆಗಳ ಧೂಳು ಅದರ ಕಕ್ಷೆಯದ್ದೇ.

ಇವನ್ನೆಲ್ಲ ವಿಚಿತ್ರಗಳೆಂದು ಬದಿಗಿಡಬಹುದಿತ್ತು. ಹಾಗೆ ಬದಿಗಿಡಲಾಗದ ಪ್ರಕರಣ 1996ರಲ್ಲಿ ಎದುರಾಯಿತು. ಚಿಲಿಯ ಲಾ ಸಿಯ್ಯಾದಲ್ಲಿ ತೆಗೆದ ಚಿತ್ರಗಳಲ್ಲಿ ಎರಿಕ್ ಎಲ್ಸ್ಟ್ ಮತ್ತು ಗಿಡೊ ಪಿಜಾರೊ ಅವರಿಗೆ ಒಂದು ಚುಕ್ಕಿ, ಅದರ ಹಿಂದೆ ಗೆರೆ ಎಳೆದಂಥ ತೆಳು ಬಾಲ ಕಂಡಿತು. ಚುಕ್ಕಿಯ ಸುತ್ತ ಮಸುಕಿರಲಿಲ್ಲ. ಕಕ್ಷೆ ಲೆಕ್ಕ ಹಾಕಿದರೆ ಅದು 1979ರಲ್ಲೇ ಕ್ಷುದ್ರಗ್ರಹವೆಂದು ದಾಖಲಾಗಿದ್ದ, ಮಂಗಳ-ಗುರುಗಳ ನಡುವೆ ಕ್ಷುದ್ರಗ್ರಹಗಳು ಸುತ್ತುವ ಮುಖ್ಯ ಪಟ್ಟಿಯೊಳಗೇ 5.6 ವರ್ಷಕ್ಕೊಮ್ಮೆ ಸೂರ್ಯನನ್ನು ಸುತ್ತುವ ನಾಲ್ಕು ಕಿಲೋಮೀಟರ್ ಆಸುಪಾಸಿನ ಕಾಯ. ಇನ್ನೊಂದು ಕಲ್ಲು ಬಡಿದು ಧೂಳೆದ್ದಿದೆ ಎಂಬ ವಿವರಣೆ ಬಂತು. ಸಹಜವಾದ ವಿವರಣೆಯೇ. ಆ ವಲಯದಲ್ಲಿ 450 ಕೋಟಿ ವರ್ಷ ಹಿಮ ಉಳಿದೀತೆಂದು ನಂಬುವುದಕ್ಕಿಂತ ಡಿಕ್ಕಿಯನ್ನು ನಂಬುವುದು ಸುಲಭವಿತ್ತು.

ಹವಾಯಿಯಲ್ಲಿ ಆಗ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಹೆನ್ರಿ ಶೇ ಮತ್ತು ಅವರ ಮಾರ್ಗದರ್ಶಕ ಡೇವಿಡ್ ಜುವಿಟ್ ಸುಮ್ಮನಾಗದೆ ಕಾದರು. ಆ ಕಾಯ ಒಂದು ಸುತ್ತು ಮುಗಿಸಿ ಮತ್ತೆ ಸೂರ್ಯನ ಸಮೀಪ ಬಂದುಹೋದ ಮೇಲೆ, 2002ರಲ್ಲಿ, ಬಾಲ ಮರಳಿತು. ತಿಂಗಳುಗಟ್ಟಲೆ ಇತ್ತು. ಡಿಕ್ಕಿ ಒಮ್ಮೆ ಆಗುತ್ತದೆ, ಅದರ ಧೂಳು ಚದುರಿಹೋಗುತ್ತದೆ. ಪ್ರತಿ ಸುತ್ತಿನಲ್ಲೂ ಅದೇ ಘಟ್ಟದಲ್ಲಿ ನಡೆಯುವುದಿಲ್ಲ. ಸೂರ್ಯನ ಶಾಖಕ್ಕೆ ಹಿಮ ಆವಿಯಾಗಿ ಧೂಳನ್ನು ಹೊತ್ತೊಯ್ಯುತ್ತಿದ್ದರೆ ಮಾತ್ರ ಈ ಪುನರಾವರ್ತನೆಗೆ ಅರ್ಥವಿದೆ. 2005ರಲ್ಲಿ ಇಂಥವೇ ಇನ್ನೆರಡು ಸಿಕ್ಕವು. 2006ರಲ್ಲಿ ಶೇ ಮತ್ತು ಜುವಿಟ್ ಇವೆಲ್ಲ ಧೂಮಕೇತುಗಳ ಹೊಸದೊಂದು ವರ್ಗ, ಹುಟ್ಟಿದ್ದೂ ಬೆಳೆದದ್ದೂ ಕ್ಷುದ್ರಗ್ರಹಗಳ ನಡುವೆಯೇ ಎಂದು ಬರೆದರು. ಹಿಮ ಮೇಲೆ ಬಯಲಾಗಿದ್ದರೆ ಎಂದೋ ಹಾರಿಹೋಗುತ್ತಿತ್ತು. ಕೆಲವು ಮೀಟರ್ ಧೂಳಿನಡಿ ಹೂತಿದ್ದರೆ ಉಳಿಯುತ್ತದೆ. ಸಣ್ಣ ಪೆಟ್ಟೊಂದು ಆ ಹೊದಿಕೆಯನ್ನು ಕಿತ್ತರೆ ಸಾಕು. ತಾಳ್ಮೆಯೊಂದನ್ನೇ ಬಂಡವಾಳ ಮಾಡಿಕೊಂಡು ಗೆದ್ದ ಈ ಕೆಲಸಕ್ಕೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ. ಅದೇ ವರ್ಷ ಆಗಸ್ಟಿನಲ್ಲಿ ಪ್ರಾಗ್‌ನಲ್ಲಿ ಪ್ಲೂಟೊ ಗ್ರಹಪದವಿ ಕಳೆದುಕೊಂಡಿತು, ಜಗತ್ತೆಲ್ಲ ಆ ಕಡೆ ತಿರುಗಿತು.

ಇದು ವಿಂಗಡಣೆಯ ಜಗಳ ಮಾತ್ರವಲ್ಲ, ಇದರ ಹಿಂದೆ ಭೂಮಿಯ ನೀರಿನ ಪ್ರಶ್ನೆ ಇದೆ. ಸಮುದ್ರಗಳ ನೀರು ಧೂಮಕೇತುಗಳಿಂದ ಬಂತೆಂಬುದು ಹಳೆಯ ಊಹೆ. ನೀರಿನಲ್ಲಿರುವ ಡ್ಯೂಟೀರಿಯಂ, ಅಂದರೆ ಭಾರ ಹೈಡ್ರೋಜನ್ ಪ್ರಮಾಣ ಅಳೆದರೆ ಮೂಲ ತಿಳಿಯುತ್ತದೆ. ಹಾರ್ಟ್ಲಿ-2 ಧೂಮಕೇತುವಿನ ನೀರು ನಮ್ಮ ಕಡಲಿಗೆ ಹೊಂದಿತು. 2014ರಲ್ಲಿ ಯುರೋಪಿನ ರೊಸೆಟ್ಟಾ ನೌಕೆ 67ಪಿ ಧೂಮಕೇತುವಿನ ಬಳಿ ಅಳೆದದ್ದು ಮೂರು ಪಟ್ಟಿಗೂ ಹೆಚ್ಚು ಬಂತು. ಆ ಅಳತೆಯನ್ನು ಧೂಳು ಏರುಪೇರು ಮಾಡಿರಬಹುದೆಂದು 2024ರ ಮರುವಿಶ್ಲೇಷಣೆ ಹೇಳಿತು. ಹೀಗಿರುವಾಗ ಭೂಮಿಗೆ ಇಷ್ಟು ಸಮೀಪದಲ್ಲಿ ಹಿಮ ಹೊತ್ತ ಕಲ್ಲುಗಳ ನೀರನ್ನು ಇನ್ನೂ ಯಾರೂ ಹೋಗಿ ಅಳೆದಿಲ್ಲ ಎಂಬುದು ಬೇಸರದ ಸಂಗತಿ. ಎಲ್ಸ್ಟ್-ಪಿಜಾರೊ ಕಾಯಕ್ಕೇ ಹೋಗಬೇಕೆಂದಿದ್ದ ಯುರೋಪಿನ ಕ್ಯಾಸ್ಟಾಲಿಯಾ ಯೋಜನೆ ಆಯ್ಕೆಯಾಗಲಿಲ್ಲ.

ಈ ನಡುವೆ ಚಿತ್ರ ಇನ್ನಷ್ಟು ಜಟಿಲವಾಯಿತು. 2010ರ ಕೊನೆಯಲ್ಲಿ ಶೀಲಾ ಎಂಬ ಕ್ಷುದ್ರಗ್ರಹಕ್ಕೆ ನಿಜಕ್ಕೂ ಕಲ್ಲು ಬಡಿದು ಬಾಲ ಬಂತು. 2013ರಲ್ಲಿ ಹಬಲ್ ದೂರದರ್ಶಕ ಕಂಡ ಆರು ಬಾಲಗಳ ಕಾಯ ಅತಿವೇಗವಾಗಿ ಗಿರಕಿ ಹೊಡೆದು ತನ್ನ ಧೂಳನ್ನೇ ಚೆಲ್ಲುತ್ತಿರುವಂತೆ ತೋರಿತು. ಅಂದರೆ ಬಾಲ ಕಂಡ ಮಾತ್ರಕ್ಕೆ ಹಿಮವಿದೆ ಎನ್ನುವಂತಿಲ್ಲ. ಇಂಥ ಬಾಲದ ಕಾಯಗಳಲ್ಲಿ ಹಿಮಕ್ಕೆ ನೇರ ಸಾಕ್ಷಿ ಸಿಕ್ಕಿದ್ದು 2023ರಲ್ಲಿ, ಜೇಮ್ಸ್ ವೆಬ್ ದೂರದರ್ಶಕ 2005ರ ಆ ಜೋಡಿಯಲ್ಲೊಂದಾದ ರೀಡ್ ಧೂಮಕೇತುವಿನ ಸುತ್ತ ನೀರಾವಿ ಗುರುತಿಸಿದಾಗ. ಮಿಕ್ಕ ಧೂಮಕೇತುಗಳಲ್ಲಿ ಮಾಮೂಲಾಗಿ ಸಿಗುವ ಇಂಗಾಲದ ಡೈಆಕ್ಸೈಡ್ ಅಲ್ಲಿ ಸಿಗಲಿಲ್ಲ. ಅದು ಕಾಲಕ್ರಮದಲ್ಲಿ ಹಾರಿಹೋಯಿತೇ, ಅಥವಾ ಆ ಕಾಯ ಹುಟ್ಟಿದ ಬೆಚ್ಚನೆಯ ಜಾಗದಲ್ಲಿ ಮೊದಲೇ ಇರಲಿಲ್ಲವೇ ಎಂಬುದು ತೀರ್ಮಾನವಾಗಿಲ್ಲ.

ಚೀನಾದ ತಿಯಾನ್‌ವೆನ್-2 ನೌಕೆ 2025ರ ಮೇ ಕೊನೆಯಲ್ಲಿ ಹೊರಟಿದೆ. ಮೊದಲು ಭೂಮಿಯ ಬಳಿಯ ಕಮೊಓಅಲೆವಾ ಎಂಬ ಕ್ಷುದ್ರಗ್ರಹದಿಂದ ಮಣ್ಣು ತರುವುದು, ಆಮೇಲೆ 2035ರ ಹೊತ್ತಿಗೆ ಮುಖ್ಯ ಪಟ್ಟಿಗೆ ಹೋಗುವುದು ಅದರ ಯೋಜನೆ. ಅಲ್ಲಿ ಅದು ಭೇಟಿಯಾಗಲಿರುವುದು 311ಪಿಯನ್ನು, ಅಂದರೆ ಹಬಲ್ ಕಂಡ ಆ ಆರು ಬಾಲಗಳ ಕಾಯವನ್ನೇ. ಅಲ್ಲಿ ಹಿಮ ಸಿಕ್ಕರೆ ಗಿರಕಿಯ ವಾದವನ್ನು ಮತ್ತೆ ನೋಡಬೇಕಾಗುತ್ತದೆ. ಸಿಗದಿದ್ದರೆ ರೀಡ್ ಅಥವಾ ಎಲ್ಸ್ಟ್-ಪಿಜಾರೊಗೆ ಮತ್ತೊಂದು ನೌಕೆ ಹೋಗಲೇಬೇಕು.