ಸ್ವಪಕ್ಷವೇ ಉರುಳಿಸಿದ ಸರ್ಕಾರ: 1993ರ ಲಿಕ್ಟೆನ್‌ಸ್ಟೈನ್

1993ರ ಸೆಪ್ಟೆಂಬರ್ 14ರಂದು ಲಿಕ್ಟೆನ್‌ಸ್ಟೈನ್ ಸಂಸತ್ತಿನಲ್ಲಿ ಪ್ರಧಾನಿ ಮಾರ್ಕುಸ್ ಬ್ಯೂಖೆಲ್ ವಿರುದ್ಧ ಅವಿಶ್ವಾಸ ನಿರ್ಣಯ ಅಂಗೀಕಾರವಾದಾಗ ಅವರು ಅಧಿಕಾರ ವಹಿಸಿಕೊಂಡು ನಾಲ್ಕು ತಿಂಗಳೂ ತುಂಬಿರಲಿಲ್ಲ. ಸಮ್ಮಿಶ್ರ ಸರ್ಕಾರ ಬಿದ್ದಿತೆಂದರೆ ಮಿತ್ರಪಕ್ಷ ಕೈಕೊಟ್ಟಿರಬೇಕೆಂದು ಊಹಿಸುವುದು ಸಹಜ. ಇಲ್ಲಿ ಮಾತ್ರ ಪ್ರಧಾನಿಯ ಕುರ್ಚಿಗೆ ಕೈಹಾಕಿದ್ದು ಅವರದೇ ಪ್ರಗತಿಪರ ನಾಗರಿಕರ ಪಕ್ಷ.

ಸ್ವಿಟ್ಜರ್ಲೆಂಡ್ ಮತ್ತು ಆಸ್ಟ್ರಿಯಾಗಳ ನಡುವಿನ ಈ ಸಂಸ್ಥಾನದ ವಿಸ್ತೀರ್ಣ 160 ಚದರ ಕಿಲೋಮೀಟರ್. ಆಗಿನ ಜನಸಂಖ್ಯೆ ಸುಮಾರು 30,000. ಅಲ್ಲಿನ ಮೈತ್ರಿಯ ಬೇರು 1938ರಲ್ಲಿದೆ. ಆ ವರ್ಷದ ಮಾರ್ಚ್‌ನಲ್ಲಿ ಹಿಟ್ಲರನ ಜರ್ಮನಿ ಆಸ್ಟ್ರಿಯಾವನ್ನು ನುಂಗಿಹಾಕಿದಾಗ, ಮುಂದಿನ ಸರದಿ ತಮ್ಮದೇ ಇರಬಹುದೆಂಬ ಆತಂಕದಲ್ಲಿ ಅದುವರೆಗೆ ಕಾದಾಡುತ್ತಿದ್ದ ನಾಗರಿಕರ ಪಕ್ಷ ಮತ್ತು ದೇಶಭಕ್ತರ ಒಕ್ಕೂಟ ಒಂದಾಗಿ ಸರ್ಕಾರ ರಚಿಸಿದವು. ಆಪತ್ಕಾಲದ ಈ ಏರ್ಪಾಡು ಯುದ್ಧ ಮುಗಿದ ಮೇಲೂ ಮುರಿಯಲಿಲ್ಲ. ಹೆಚ್ಚು ಸ್ಥಾನ ಗೆದ್ದವರಿಗೆ ಪ್ರಧಾನಿ ಪದವಿ, ಮತ್ತೊಬ್ಬರಿಗೆ ಉಪಪ್ರಧಾನಿ ಪದವಿ ಎಂಬುದು ರೂಢಿಯಾಯಿತು. ಸೋತವರೂ ಸಂಪುಟದಲ್ಲೇ ಕೂರುವ ವ್ಯವಸ್ಥೆಯಲ್ಲಿ ಚುನಾವಣೆ ತೀರ್ಮಾನಿಸುತ್ತಿದ್ದದ್ದು ಹೆಚ್ಚುಕಡಿಮೆ ಯಾರು ಮುಂದಿನ ಸಾಲಿನಲ್ಲಿ ಎಂಬುದನ್ನಷ್ಟೇ.

ಈ ನೆಮ್ಮದಿ ಕದಡಿದ್ದು 1992ರಲ್ಲಿ. ಯುರೋಪಿನ ದೇಶಗಳ ಏಕ ಮಾರುಕಟ್ಟೆಯಾದ ಯುರೋಪಿಯನ್ ಆರ್ಥಿಕ ವಲಯದ ಒಪ್ಪಂದಕ್ಕೆ ಸೇರುವ ಬಗ್ಗೆ ಸ್ವಿಟ್ಜರ್ಲೆಂಡಿಗಿಂತ ಮೊದಲೇ ಜನಮತಗಣನೆ ನಡೆಯಬೇಕೆಂದು ದೊರೆ ಎರಡನೇ ಹಾನ್ಸ್ ಆಡಮ್ ಪಟ್ಟುಹಿಡಿದರೆ, ನಂತರವೇ ಆಗಲೆಂದು ಸರ್ಕಾರವೂ ಸಂಸತ್ತೂ ವಾದಿಸಿದವು. ಸರ್ಕಾರವನ್ನೇ ವಜಾಮಾಡುವ ಬೆದರಿಕೆ ಅರಮನೆಯಿಂದ ಬಂದಾಗ, ಅಕ್ಟೋಬರ್ 28ರಂದು ರಾಜಧಾನಿ ವಾಡುಜ್‌ನ ಸರ್ಕಾರಿ ಭವನದ ಮುಂದೆ ಸುಮಾರು 2,000 ಜನ ಸೇರಿದರು. ಅಷ್ಟು ಸಣ್ಣ ದೇಶಕ್ಕೆ ಅದು ಜನಸಾಗರವೇ. ಕೊನೆಗೆ ರಾಜಿಯಾಗಿ, ಸ್ವಿಸ್ ಮತದಾರರು ಒಪ್ಪಂದವನ್ನು ತಿರಸ್ಕರಿಸಿದ ಒಂದು ವಾರದ ಬಳಿಕ, ಡಿಸೆಂಬರ್ 13ರಂದು, ಲಿಕ್ಟೆನ್‌ಸ್ಟೈನ್ ಅದನ್ನು ಒಪ್ಪಿತು.

1993ರ ಫೆಬ್ರುವರಿ 7ರ ಚುನಾವಣೆಯಲ್ಲಿ, 1978ರಿಂದ ಪ್ರಧಾನಿಯಾಗಿದ್ದ ಹಾನ್ಸ್ ಬ್ರುನ್‌ಹಾರ್ಟ್ ಅವರ ದೇಶಭಕ್ತರ ಒಕ್ಕೂಟ 25ರಲ್ಲಿ 11 ಸ್ಥಾನಕ್ಕೆ ಇಳಿಯಿತು. ನಾಗರಿಕರ ಪಕ್ಷ 12 ಗೆದ್ದಿತು. ಪರಿಸರವಾದಿಗಳ 'ಮುಕ್ತ ಪಟ್ಟಿ' ಮೊದಲ ಬಾರಿಗೆ 2 ಸ್ಥಾನ ಪಡೆದು ಇಬ್ಬರಿಗೂ ಬಹುಮತ ತಪ್ಪಿಸಿತು. ಮೂರು ತಿಂಗಳಿಗೂ ಹೆಚ್ಚು ಕಾಲ ಕಳೆದು, ಮೇ 26ರಂದು, 34ರ ಹರೆಯದ ಬ್ಯೂಖೆಲ್ ಪ್ರಧಾನಿಯಾದರು. ಒಕ್ಕೂಟದ ಮಾರಿಯೊ ಫ್ರಿಕ್ ಉಪಪ್ರಧಾನಿ.

ಬ್ಯೂಖೆಲ್ ಅವರ ಕಾರ್ಯವೈಖರಿಯೇ ತಮಗೆ ಹಿಡಿಸದೆಂದೂ ಅವರ ಮೇಲಿನ ನಂಬಿಕೆ ಹೋಗಿದೆಯೆಂದೂ ಸ್ವಪಕ್ಷದವರು ದೂರಿದರು. ಜಗಳ ನೀತಿಗಿಂತ ವ್ಯಕ್ತಿಯ ಸುತ್ತಲೇ ತಿರುಗಿತು ಎಂಬುದು ಗಮನಾರ್ಹ. ಅಧಿಕಾರಕ್ಕಾಗಿ ಹದಿನೈದು ವರ್ಷ ಕಾದ ಪಕ್ಷ, ಕೈಗೆ ಬಂದದ್ದನ್ನು ಒಂದೇ ಬೇಸಿಗೆಯಲ್ಲಿ ಕಳೆದುಕೊಳ್ಳಲು ತಾನಾಗಿಯೇ ದಾರಿ ಮಾಡಿಕೊಟ್ಟಿತು. ದೊರೆ ಸಂಸತ್ತನ್ನು ವಿಸರ್ಜಿಸಿದರು. ಅಕ್ಟೋಬರ್ 24ರಂದು, ಅದೇ ವರ್ಷದ ಎರಡನೇ ಚುನಾವಣೆಯಲ್ಲಿ, ಒಕ್ಕೂಟ 13 ಸ್ಥಾನ ಗೆದ್ದು ಸ್ಪಷ್ಟ ಬಹುಮತ ಪಡೆಯಿತು. ನಾಗರಿಕರ ಪಕ್ಷಕ್ಕೆ 11, ಮುಕ್ತ ಪಟ್ಟಿಗೆ 1.

ಡಿಸೆಂಬರ್ 15ರಂದು 28 ವರ್ಷದ ಫ್ರಿಕ್ ಪ್ರಧಾನಿಯಾದರು. ನಾಗರಿಕರ ಪಕ್ಷ ಎರಡನೇ ಸ್ಥಾನಕ್ಕೆ ಸರಿದು ಅದೇ ಸಂಪುಟದಲ್ಲಿ ಕುಳಿತಿತು. ಇಷ್ಟೆಲ್ಲ ಆದರೂ 1938ರ ಮೈತ್ರಿ ಮುರಿಯಲಿಲ್ಲ. ಅದು ಕೊನೆಗೊಂಡದ್ದು 1997ರಲ್ಲಿ, ನಾಗರಿಕರ ಪಕ್ಷ ಸರ್ಕಾರದಿಂದ ಹೊರಗುಳಿದು ವಿರೋಧಪಕ್ಷದ ಸಾಲಿಗೆ ಹೋದಾಗ.